ಬೋರಿನ ನೀರು ಕುಡಿಯಬಹುದಾ? ಪರೀಕ್ಷೆಯಿಂದ ಮಳೆನೀರಿನ ಟ್ಯಾಂಕ್‌ವರೆಗೆ

"ನಮ್ಮೂರ ಬೋರಿನ ನೀರು ಕುಡಿಯಬಹುದಾ?" "ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುತ್ತದಾ?" "ಮನೆಗೆ ಯಾವ ಫಿಲ್ಟರ್ ತರಲಿ?" ಬೇಸಿಗೆ ಶುರುವಾದರೆ ಸಾಕು, ಈ ಮೂರು ಪ್ರಶ್ನೆ ತಪ್ಪದೆ ಬರುತ್ತವೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಮುಖ್ಯವಾಗಿ ಬೋರನ್ನೇ ನಂಬಿರುವ ಬಯಲುಸೀಮೆಯವರಿಗೆ. ಪಾವಗಡ, ಮಧುಗಿರಿ, ಶಿರಾ, ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಚಳ್ಳಕೆರೆ, ಆ ಕಡೆ ಮುಂಡರಗಿ, ಕೊಪ್ಪಳ. ಇಲ್ಲೆಲ್ಲ ದೊಡ್ಡ ತಲೆನೋವು ಫ್ಲೋರೈಡ್, ಅಂದರೆ ಬಂಡೆಯಿಂದ ನೀರಿಗೆ ಕರಗಿ ಬಂದು ಹಲ್ಲು, ಮೂಳೆ ಕೆಡಿಸುವ ಅಂಶ. ಮಲೆನಾಡು, ಕರಾವಳಿಯ ತೆರೆದ ಬಾವಿಯವರಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ. ನಿಮ್ಮದು ಕ್ರಿಮಿಗಳ ಸಮಸ್ಯೆ. ನೀವು 1 ಮತ್ತು 5ನೇ ಹಂತ ಓದಿದರೆ ಸಾಕು.

ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ: ಕುಡಿಯುವ ನೀರು ಬೇರೆ, ಬಳಕೆ ನೀರು ಬೇರೆ. ಹಳ್ಳಿಯ ಮನೆ ಮನೆಗೆ ನಲ್ಲಿ ನೀರು ಕೊಡುವ ಸರ್ಕಾರದ ಯೋಜನೆಯಾದ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಸ್ನಾನ, ಬಟ್ಟೆ, ಪಾತ್ರೆ, ಶೌಚಾಲಯ ಎಲ್ಲ ಇದರಲ್ಲೇ ಬಂತು. ಬಾಯಿಗೆ ಹೋಗುವುದು, ಅಂದರೆ ಕುಡಿಯಲು ಮತ್ತು ಅಡುಗೆಗೆ ಬೇಕಾಗುವುದು, ಸುಮಾರು 5 ಲೀಟರ್ ಅಷ್ಟೇ. ಐದು ಜನರ ಮನೆಗೆ ದಿನಕ್ಕೆ 25 ಲೀಟರ್, ಎರಡು ಕೊಡಕ್ಕಿಂತ ಸ್ವಲ್ಪ ಕಡಿಮೆ. ನಾವು ಶುದ್ಧ ಮಾಡಬೇಕಿರುವುದು ಈ ಎರಡು ಕೊಡವನ್ನು ಮಾತ್ರ. ಉಳಿದ ನೀರಲ್ಲಿ ಫ್ಲೋರೈಡ್ ಇದ್ದರೆ ಇರಲಿ, ಸ್ನಾನಕ್ಕೆ, ಬಟ್ಟೆಗೆ ಅದರಿಂದ ತೊಂದರೆ ಇಲ್ಲ. ಇಡೀ ಮನೆಯ ನೀರನ್ನೇ ಶುದ್ಧ ಮಾಡಲು ಹೊರಟವರೇ ಖರ್ಚಿನಲ್ಲಿ ಮುಳುಗುವುದು.

ಹಂತ 1: ಪರೀಕ್ಷೆ ಮಾಡಿಸಿ

ನಾಲಿಗೆಯನ್ನು ನಂಬಬೇಡಿ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. "ನಮ್ಮ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಹಾಗಾಗಿ ಒಳ್ಳೆ ನೀರು" ಎನ್ನುವುದು ಗಡಸುತನಕ್ಕೆ ಸರಿಯಾದ ಪರೀಕ್ಷೆ. ಫ್ಲೋರೈಡಿಗೆ ಅಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಉಲ್ಟಾನೇ ಇರುತ್ತದೆ. ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಲ್ಲೇ ಫ್ಲೋರೈಡ್ ಜಾಸ್ತಿ ಕರಗಿರುವುದುಂಟು. ಸಿಹಿ ನೀರು ಸಿಕ್ಕಿತು ಎಂದು ಊರೆಲ್ಲ ಆ ಬೋರಿಗೇ ಮುಗಿಬಿದ್ದರೆ ಕಷ್ಟ.

ಪರೀಕ್ಷೆಗೆ ಎರಡು ದಾರಿ ಇವೆ. ಒಂದು, ಫೀಲ್ಡ್ ಟೆಸ್ಟ್ ಕಿಟ್. ನೀರಿಗೆ ಔಷಧಿ ಬೆರೆಸಿ, ಬರುವ ಬಣ್ಣವನ್ನು ಒಂದು ಪಟ್ಟಿಯ ಜೊತೆ ಹೋಲಿಸುವ ಸಣ್ಣ ಪೆಟ್ಟಿಗೆ ಇದು. ಇದನ್ನು ಬಳಸಲು ಪ್ರತಿ ಹಳ್ಳಿಯಲ್ಲೂ ಐದು ಮಂದಿ ಹೆಂಗಸರಿಗೆ ತರಬೇತಿ ಕೊಡಬೇಕೆಂದು ಜಲ ಜೀವನ್ ಮಿಷನ್ನಿನಲ್ಲೇ ಇದೆ. ನಿಮ್ಮೂರಲ್ಲಿ ಯಾರು ಎಂದು ಪಂಚಾಯಿತಿಯಲ್ಲಿ ಅಥವಾ ಊರಿಗೆ ನೀರು ಬಿಡುವ ನೀರಗಂಟಿಯ ಹತ್ತಿರ ಕೇಳಿ. ಈ ಕಿಟ್ ಅಂದಾಜು ಹೇಳುತ್ತದೆ, ಅಷ್ಟೇ. ಎರಡನೆಯದು, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ. ಅಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ನೀರು ಕೊಟ್ಟು ವರದಿ ಪಡೆಯಬಹುದು. ದುಡ್ಡು ಹಾಕಿ ಏನಾದರೂ ಮಾಡಿಸುವ ಮುಂಚೆ ಈ ವರದಿ ಕೈಯಲ್ಲಿರಲಿ.

ಮಾದರಿ ತೆಗೆಯುವಾಗಲೇ ಹೆಚ್ಚಿನವರು ಎಡವುತ್ತಾರೆ. ಹೀಗೆ ಮಾಡಿ:

1. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ. ಜ್ಯೂಸ್, ಎಣ್ಣೆ ಇದ್ದ ಬಾಟಲಿಯೂ ಬೇಡ.
2. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಬೋರಿನ ಬಾಯಿಯಿಂದಲೇ ಹಿಡಿಯಿರಿ. ಸಂಪಿನಿಂದಲೋ ಮೇಲಿನ ಟ್ಯಾಂಕಿನಿಂದಲೋ ಹಿಡಿದರೆ ಯಾವ ನೀರಿನ ವರದಿ ಎಂದು ಗೊತ್ತಾಗುವುದಿಲ್ಲ.
3. ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಆಮೇಲೆ ತುಂಬಿ.
4. ಊರು, ಬೋರು ಇರುವ ಜಾಗ, ತಾರೀಕು, ಹೊತ್ತು ಬರೆದು ಅಂಟಿಸಿ.

ಕ್ರಿಮಿ ಪರೀಕ್ಷೆಗೆ ಈ ಬಾಟಲಿ ನಡೆಯುವುದಿಲ್ಲ. ಕ್ರಿಮಿ ಸಾಯುವಂತೆ ಬಿಸಿ ಮಾಡಿ ಮುಚ್ಚಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಬೇಕು. ಬಾಯಿಯೊಳಗೆ ಬೆರಳು ತಾಗಿಸಬಾರದು. ತುಂಬಿದ ಮೇಲೆ ತಣ್ಣಗಿಟ್ಟು, ಅದೇ ದಿನ ತಲುಪಿಸಬೇಕು. ಬೆಳಿಗ್ಗೆ ಹಿಡಿದು ಸಂಜೆ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಕಳಿಸಿದರೆ ಬರುವ ವರದಿಗೆ ಅರ್ಥ ಇಲ್ಲ.

ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಬೋರಿನ ನೀರು ಇಳಿದಂತೆ, ಏರಿದಂತೆ ಅಂಕಿಗಳೂ ಬದಲಾಗುತ್ತವೆ.

ಎಚ್ಚರಿಕೆ: ಫಿಲ್ಟರ್ ಮಾರುವವರು ಮನೆಗೆ ಬಂದು ಎರಡು ಲೋಟದ ಆಟ ತೋರಿಸುತ್ತಾರೆ. ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಫಿಲ್ಟರ್ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಡುತ್ತಾರೆ. ನಿಮ್ಮ ನೀರು ಕೆಸರಿನ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅವರದು ತಿಳಿಯಾಗೇ ಇರುತ್ತದೆ. ಮನೆಯವರು ಹೌಹಾರಿ ಮುಂಗಡ ಕೊಟ್ಟುಬಿಡುತ್ತಾರೆ. ಅದು ಕೊಳೆಯಲ್ಲ ಸ್ವಾಮಿ, ಕಡ್ಡಿಯ ಕಬ್ಬಿಣವೇ ಕರಗಿ ಬಂದ ತುಕ್ಕು. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತದೆ, ಲವಣ ತೆಗೆದ ನೀರಲ್ಲಿ ಅಷ್ಟಾಗಿ ಹರಿಯುವುದಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ತೋರಿಸಿ ಅನ್ನಿ. ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಕೂಡ ಇಷ್ಟೇ. ಕರಗಿದ ಲವಣ ಒಟ್ಟು ಎಷ್ಟು ಎಂದು ಅದು ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ಕ್ರಿಮಿ ಇದೆಯಾ ಎನ್ನುವುದನ್ನು ಹೇಳುವುದಿಲ್ಲ.

ಹಂತ 2: ವರದಿ ಓದುವುದು

ವರದಿಯಲ್ಲಿ ಇಪ್ಪತ್ತು ಸಾಲಿದ್ದರೂ ನೀವು ನೋಡಬೇಕಾದದ್ದು ನಾಲ್ಕೈದು. ಪ್ರತಿ ಸಾಲಿನ ಮುಂದೆ ಎರಡು ಮಿತಿ ಇರುತ್ತವೆ. ಮೊದಲನೆಯದು ಒಳ್ಳೆ ನೀರಿನ ಮಿತಿ. ಎರಡನೆಯದು, ಬೇರೆ ನೀರೇ ಇಲ್ಲದಿದ್ದರೆ ಅನಿವಾರ್ಯವಾಗಿ ಒಪ್ಪಬಹುದಾದ ಮಿತಿ. "ಎರಡನೇ ಮಿತಿಯೊಳಗೇ ಇದೆ, ಏನೂ ತೊಂದರೆ ಇಲ್ಲ" ಎಂದು ಯಾರಾದರೂ ಹೇಳಿದರೆ ಈ ವ್ಯತ್ಯಾಸ ನೆನಪಿರಲಿ. ಅಳತೆ ಎಲ್ಲ ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು. ಕೆಲವರು ಇದನ್ನೇ ಪಿಪಿಎಂ ಅನ್ನುತ್ತಾರೆ.

ಫ್ಲೋರೈಡ್: 1 ಮಿ.ಗ್ರಾಂ ಒಳಗಿರಬೇಕು, 1.5 ದಾಟಲೇಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತವೆ. ಇನ್ನೂ ಜಾಸ್ತಿ ಇದ್ದರೆ ಮೂಳೆಗೆ ಇಳಿಯುತ್ತದೆ. ಕೀಲು ಹಿಡಿಯುತ್ತದೆ, ಬೆನ್ನು ಬಗ್ಗುತ್ತದೆ. ಒಮ್ಮೆ ಬಗ್ಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ನೀರು ಬದಲಿಸುವುದೊಂದೇ ದಾರಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಮೊದಲು ಅವರ ನೀರು ಬದಲಿಸಿ. ಅವರ ಹಲ್ಲು ಒಳಗೆ ಇನ್ನೂ ರೂಪುಗೊಳ್ಳುತ್ತಿರುತ್ತದೆ.

ನೈಟ್ರೇಟ್: ಮಿತಿ 45. ಇದಕ್ಕೆ ಎರಡನೇ ಮಿತಿ ಇಲ್ಲ. ತಿಪ್ಪೆ, ಶೌಚದ ಗುಂಡಿ, ಯೂರಿಯಾ ಇವುಗಳಿಂದ ಇಳಿದು ಬರುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಈ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಡುವುದು ಅಪಾಯ. ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗಿ ಮಗುವಿನ ಮೈ ನೀಲಿಗಟ್ಟುತ್ತದೆ.

ಟಿಡಿಎಸ್ 500 ಒಳಗೆ, ಹೆಚ್ಚೆಂದರೆ 2000. ಗಡಸುತನ 200 ಒಳಗೆ, ಹೆಚ್ಚೆಂದರೆ 600. ಈ ಎರಡು ಸ್ವಲ್ಪ ಆಚೀಚೆ ಆದರೆ ರುಚಿ ಕೆಡುತ್ತದೆ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನನ್ನ ಪ್ರಕಾರ ಜನ ಇದಕ್ಕೆ ಹೆದರುವಷ್ಟು ಫ್ಲೋರೈಡಿಗೆ ಹೆದರುವುದಿಲ್ಲ. ಬಿಳಿ ಪೊರೆ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ.

ಇ-ಕೋಲಿ: 100 ಮಿಲಿ ನೀರಲ್ಲಿ ಒಂದೂ ಇರಬಾರದು. ಇದ್ದರೆ ಮಲದ ನೀರು ಎಲ್ಲೋ ಸೇರುತ್ತಿದೆ ಎಂದೇ ಅರ್ಥ.

ರಾಯಚೂರು, ಯಾದಗಿರಿ ಕಡೆಯವರು, ಅದರಲ್ಲೂ ಚಿನ್ನದ ಗಣಿ ಪ್ರದೇಶದ ಸುತ್ತಮುತ್ತಲಿನವರು, ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅದು ವಿಷ, ಫ್ಲೋರೈಡಿಗಿಂತ ಕೆಟ್ಟದ್ದು.

ಹಂತ 3: ಯಾವ ದಾರಿ ಹಿಡಿಯುವುದು

ಮೊದಲು, ಯಾವುದು ಕೆಲಸ ಮಾಡುವುದಿಲ್ಲ ಎಂದು ಹೇಳಿಬಿಡುತ್ತೇನೆ. ಕುದಿಸಿದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತವೆ. ಬ್ಲೀಚಿಂಗ್ ಪುಡಿ ಹಾಕಿದರೂ ಹೋಗುವುದಿಲ್ಲ. ಮೇಣದಬತ್ತಿಯ ಆಕಾರದ ಕ್ಯಾಂಡಲ್ ಇರುವ ಸ್ಟೀಲ್ ಫಿಲ್ಟರ್, ಬರೀ ನೇರಳಾತೀತ ಬೆಳಕಿನ ಯುವಿ ಫಿಲ್ಟರ್, ಇದ್ದಿಲಿನ ಫಿಲ್ಟರ್ ಇವು ಯಾವುವೂ ಫ್ಲೋರೈಡನ್ನು ಮುಟ್ಟುವುದಿಲ್ಲ. ಅಜ್ಜಿಯರು ಗಡಿಗೆಯೊಳಗೆ ತೇಯುತ್ತಿದ್ದ ಚಿಲ್ಲದ ಬೀಜ, ನುಗ್ಗೆ ಬೀಜ ಕೆಸರನ್ನು ತಳಕ್ಕೆ ಕೂರಿಸುತ್ತವೆ. ಕೆರೆ ನೀರಿಗೆ ಅದು ಜಾಣತನ, ಬೋರಿನ ನೀರಿಗೆ ಪ್ರಯೋಜನ ಇಲ್ಲ.

ಕೆಲಸ ಮಾಡುವ ದಾರಿಗಳು ಇವು.

ನದಿ ನೀರಿನ ನಲ್ಲಿ. ಬಹುಗ್ರಾಮ ಯೋಜನೆಯಲ್ಲಿ ನದಿಯಿಂದಲೋ ಜಲಾಶಯದಿಂದಲೋ ಶುದ್ಧ ಮಾಡಿದ ನೀರು ನಿಮ್ಮ ನಲ್ಲಿಗೆ ಬರುತ್ತಿದ್ದರೆ ನಿಮ್ಮ ಅದೃಷ್ಟ. ಅದನ್ನೇ ಕುಡಿಯಿರಿ, ಫಿಲ್ಟರ್, ಮಳೆನೀರಿನ ಟ್ಯಾಂಕಿನ ತಾಪತ್ರಯ ಬೇಡ. 5ನೇ ಹಂತ ಮಾತ್ರ ಬಿಡಬೇಡಿ. ಆದರೆ "ಮನೆ ಮನೆಗೆ ಗಂಗೆ" ಎಂದು ನಲ್ಲಿ ಬಂದ ಮಾತ್ರಕ್ಕೆ ನದಿ ನೀರು ಬಂತು ಎಂದಲ್ಲ. ಎಷ್ಟೋ ಊರಲ್ಲಿ ಅದೇ ಹಳೇ ಬೋರಿನ ನೀರು ಹೊಸ ನಲ್ಲಿಯಲ್ಲಿ ಬರುತ್ತಿರುತ್ತದೆ. ನೀರಗಂಟಿಯನ್ನು ಕೇಳಿ ತಿಳಿದುಕೊಳ್ಳಿ.

ನಲ್ಲಿಯವರು ಮಾಡುವ ಎರಡು ತಪ್ಪು ಹೇಳಲೇಬೇಕು. ನೀರು ಸಣ್ಣಗೆ ಬರುತ್ತದೆ ಎಂದು ಗುಂಡಿ ತೋಡಿ ನಲ್ಲಿಯನ್ನು ನೆಲಕ್ಕಿಂತ ಕೆಳಗೆ ಇಳಿಸುತ್ತಾರೆ. ಆ ಗುಂಡಿಯಲ್ಲಿ ನಿಂತ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಸರಬರಾಜು ನಿಂತ ಕೂಡಲೇ ನಲ್ಲಿಯ ಮೂಲಕ ಪೈಪಿನೊಳಗೆ ಹೋಗುತ್ತದೆ. ಇನ್ನೊಂದು, ನಲ್ಲಿಗೇ ಮೋಟರ್ ಹಚ್ಚಿ ಎಳೆಯುವುದು. ಎಳೆತಕ್ಕೆ ಬೀದಿಯ ಪೈಪಿನ ಸಂದುಗಳಿಂದ ಚರಂಡಿ ನೀರು ಒಳಬರುತ್ತದೆ. ನೀವು ಎಳೆದದ್ದು, ಪಕ್ಕದ ಮನೆಯ ಮಗು ಕುಡಿದು ಭೇದಿಯಾದದ್ದು. ಇದರಿಂದ ಮನೆಮನೆ ನಡುವೆ ಜಗಳವೂ ಕಡಿಮೆ ಆಗಿಲ್ಲ.

ಊರಿನ ಶುದ್ಧ ನೀರಿನ ಘಟಕ. ನಾವೆಲ್ಲ "ಫಿಲ್ಟರ್ ನೀರು" ಅನ್ನುವುದು ಇದನ್ನೇ. ಆರ್‌ಒ ವಿಧಾನದಲ್ಲಿ, ಅಂದರೆ ಬಹಳ ಸಣ್ಣ ರಂಧ್ರದ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುತ್ತಾರೆ. ಫ್ಲೋರೈಡ್ ಹೋಗುತ್ತದೆ. 20 ಲೀಟರ್ ಕ್ಯಾನಿಗೆ 5 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೊಂದು ಕ್ಯಾನಿನಂತೆ ವರ್ಷಕ್ಕೆ 1,825 ರೂಪಾಯಿ. ದುಬಾರಿ ಅಲ್ಲ. ತೊಂದರೆ ಇರುವುದು ಘಟಕ ಕೆಟ್ಟು ನಿಂತಾಗ, ಪೊರೆ ಹಳತಾಗಿ ಲವಣ ತೆಗೆಯದೆ ನೀರನ್ನು ಹಾಗೇ ದಾಟಿಸುವಾಗ. ಪೊರೆ ಯಾವಾಗ ಬದಲಿಸಿದ್ದು, ಕೊನೆಯ ಪರೀಕ್ಷೆ ಯಾವಾಗ ಎಂದು ಕೇಳುವ ಹಕ್ಕು ನಿಮಗಿದೆ. ಕ್ಯಾನನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಒಳಗೆ ಪಾಚಿ ಹಿಡಿದ ಕ್ಯಾನಿಗೆ ಎಂಥ ನೀರು ಹಾಕಿದರೂ ಅಷ್ಟೇ.

ಮನೆಯ ಆರ್‌ಒ. ಕೆಲಸ ಮಾಡುತ್ತದೆ. ಆದರೆ ಕರೆಂಟ್ ಬೇಕು, ಪೊರೆ ಬದಲಿಸಬೇಕು, ಒಂದು ಪಾಲು ಒಳ್ಳೆ ನೀರಿಗೆ ಎರಡು ಮೂರು ಪಾಲು ನೀರು ಹೊರಗೆ ಹೋಗುತ್ತದೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಎಮ್ಮೆ, ಹಸುವಿಗೆ ಕುಡಿಸಬೇಡಿ. ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ.

ಮಾಳಿಗೆಯ ಮಳೆನೀರು. ಆಕಾಶದಿಂದ ಬೀಳುವ ನೀರಲ್ಲಿ ಫ್ಲೋರೈಡ್ ಇಲ್ಲ. ಅದು ನೀರಿಗೆ ಸೇರುವುದು ಬಂಡೆಯಿಂದ. ಬೋರು ಆಳಕ್ಕೆ ಇಳಿದಷ್ಟೂ, ನೀರು ಗ್ರಾನೈಟ್ ಕಲ್ಲಿನ ಜೊತೆ ಇದ್ದಷ್ಟೂ ಜಾಸ್ತಿ ಕರಗುತ್ತದೆ. ಗಟ್ಟಿ ಮಾಳಿಗೆ ಇರುವವರಿಗೆ ನಾನು ಹೇಳುವುದು ಇದನ್ನೇ. ಒಂದು ಸಲ ಖರ್ಚು, ಆಮೇಲೆ ಪೊರಕೆ ಹಿಡಿಯುವಷ್ಟು ಕೆಲಸ.

ಹಂತ 4: ಮಳೆನೀರಿನ ಟ್ಯಾಂಕ್

"ನಮ್ಮ ಕಡೆ ಮಳೆಯೇ ಇಲ್ಲ, ಯಾವ ಟ್ಯಾಂಕ್ ತುಂಬುತ್ತದೆ?" ಎಂದು ಕೇಳುತ್ತೀರಿ. ಪೆನ್ನು ಹಿಡಿದು ಕೂರಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ 24 ಅಡಿಗೆ 18 ಅಡಿ ಎಂದಿಟ್ಟುಕೊಳ್ಳಿ. 432 ಚದರ ಅಡಿ, ಅಂದರೆ ಸುಮಾರು 40 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ 24,000 ಲೀಟರ್. ಚೆಲ್ಲಿದ್ದು, ಆರಿದ್ದು, ಮೊದಲ ಮಳೆಗೆ ಬಿಟ್ಟದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೂ 19,200 ಲೀಟರ್ ಉಳಿಯಿತು. ನಿಮಗೆ ಬೇಕಾದದ್ದು ದಿನಕ್ಕೆ 25ರಂತೆ ವರ್ಷಕ್ಕೆ 9,125. ಮಳೆ ಅರ್ಧಕ್ಕರ್ಧ ಕೈಕೊಟ್ಟ ವರ್ಷದಲ್ಲೂ 9,600 ಲೀಟರ್ ಸಿಗುತ್ತದೆ. ಬರಗಾಲದಲ್ಲೂ ಮಾಳಿಗೆ ಮನೆಯವರನ್ನು ಸಾಕುತ್ತದೆ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಒಟ್ಟು ಮಳೆ ನೋಡಿ ಲೆಕ್ಕ ಹಾಕಬೇಡಿ, ಮಳೆ ಇಲ್ಲದ ದಿನ ಎಣಿಸಿ. ಸ್ವಾತಿ ಮಳೆ ಮುಗಿದ ಮೇಲೆ ಮುಂದಿನ ಭರಣಿ, ಕೃತ್ತಿಕೆ ತನಕ ಆರು ತಿಂಗಳು ಹನಿ ಇಲ್ಲ ಎಂದುಕೊಳ್ಳಿ. 180 ದಿನಕ್ಕೆ 25 ಲೀಟರಿನಂತೆ 4,500 ಲೀಟರ್. ಸ್ವಲ್ಪ ಕೈಯಲ್ಲಿರಲಿ ಎಂದು 5,000 ಲೀಟರ್ ಕಟ್ಟಿಸಿ. ದುಡ್ಡು ಉಳಿಸಲು 1,000 ಲೀಟರಿನ ಟ್ಯಾಂಕ್ ಇಟ್ಟವರ ನೀರು 40 ದಿನಕ್ಕೆ ಮುಗಿಯುತ್ತದೆ. ಆಮೇಲೆ "ಮಳೆನೀರು ಆಗಿಬರಲ್ಲ" ಎಂದು ಬೇಸರ. 2006ರ ಹೊತ್ತಿಗೆ ಸುವರ್ಣ ಜಲ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಇಂಥ ಟ್ಯಾಂಕ್ ಬಂದದ್ದು ನಿಮಗೆ ನೆನಪಿರಬಹುದು. ನಿಮ್ಮೂರ ಶಾಲೆಯಲ್ಲಿದ್ದರೆ ಹೋಗಿ ನೋಡಿಕೊಂಡು ಬನ್ನಿ. ಚೆನ್ನಾಗಿದ್ದರೂ ಪಾಠ, ಹಾಳಾಗಿದ್ದರೂ ಪಾಠ.

ಈಗ ಒಂದೊಂದಾಗಿ ಕೆಲಸ.

ಮಾಳಿಗೆ. ಆರ್‌ಸಿಸಿ, ತಗಡು, ಮಂಗಳೂರು ಹಂಚು ಆಗುತ್ತದೆ. ಹುಲ್ಲು, ತೆಂಗಿನ ಗರಿ, ಮಣ್ಣಿನ ಮಾಳಿಗೆ ಬೇಡ. ಹಳೇ ಸಿಮೆಂಟ್ ಶೀಟು ಪುಡಿ ಉದುರುತ್ತಿದ್ದರೆ ಅದೂ ಬೇಡ. ನೀರು ಸೋರದಿರಲಿ ಎಂದು ಡಾಂಬರು ಬಳಿದ ಮಾಳಿಗೆಯ ನೀರನ್ನು ಕುಡಿಯಬೇಡಿ. ಮಾಳಿಗೆ ಮೇಲೆ ಬಾಗಿದ ಕೊಂಬೆ ಇದ್ದರೆ ಕಡಿಸಿ. ಎಲೆಗಿಂತ ದೊಡ್ಡ ಸಮಸ್ಯೆ ಅದರ ಮೇಲೆ ಕೂರುವ ಹಕ್ಕಿ, ಹತ್ತಿ ಇಳಿಯುವ ಕೋತಿ.

ದೋಣಿ ಮತ್ತು ಪೈಪು. ತಗಡು, ಹಂಚಿನ ಮನೆಗೆ ಸೂರಿನುದ್ದಕ್ಕೂ ನೀರು ಹಿಡಿಯುವ ದೋಣಿ ಬೇಕು. ಹತ್ತು ಅಡಿಗೆ ಒಂದಿಂಚಿನಷ್ಟು ಇಳಿಜಾರು ಕೊಡಿ. ಇಳಿಜಾರು ಇಲ್ಲದ ದೋಣಿಯಲ್ಲಿ ನೀರು ನಿಂತು ಸೊಳ್ಳೆ ಮರಿ ಹಾಕುತ್ತದೆ. ಆರ್‌ಸಿಸಿ ಮನೆಗೆ ಇರುವ ನೀರು ಕೊಳವೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿ, ಆ ಒಂದಕ್ಕೆ ನಾಲ್ಕಿಂಚಿನ ಪಿವಿಸಿ ಪೈಪ್ ಜೋಡಿಸಿದರೆ ಆಯಿತು. ಪೈಪಿನ ಬಾಯಿಗೆ ಜಾಲರಿ ಇರಲಿ.

ಮೊದಲ ನೀರು ಬಿಡುವ ವ್ಯವಸ್ಥೆ. ಬಹಳ ಜನ ಬಿಟ್ಟುಬಿಡುವುದು ಇದನ್ನೇ, ಕೆಡುವುದೂ ಇಲ್ಲೇ. ಪ್ರತಿ ಮಳೆಯ ಮೊದಲ ಒಂದೆರಡು ಮಿಲಿಮೀಟರ್ ನೀರು ಮಾಳಿಗೆಯ ಧೂಳು, ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ. ನಮ್ಮ 40 ಚದರ ಮೀಟರ್ ಮಾಳಿಗೆಗೆ ಅದು 40ರಿಂದ 80 ಲೀಟರ್. ಕೆಲಸದವರು ಇಳಿಯುವ ಪೈಪಿಗೆ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ, ಹಾಕಿ, ಮೂರು ಅಡಿ ಪೈಪ್ ಇಳಿಬಿಟ್ಟು, ಮುಚ್ಚಳ ಹಾಕಿ "ಆಯಿತು ಸಾರ್" ಅನ್ನುತ್ತಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಹಿಡಿಯುವುದು ಸುಮಾರು 8 ಲೀಟರ್. ಏನೇನೂ ಸಾಲದು. ಆ ಪೈಪಿನ ತುದಿಗೆ 60 ಲೀಟರಿನ ಹಳೇ ಡ್ರಮ್ ಗಾಳಿಯಾಡದಂತೆ ಜೋಡಿಸಿ. ಮೊದಲು ಡ್ರಮ್ ತುಂಬುತ್ತದೆ, ತುಂಬಿದ ಮೇಲೆ ನೀರು ತಾನಾಗಿ ಟ್ಯಾಂಕಿನ ಕಡೆ ತಿರುಗುತ್ತದೆ. ಡ್ರಮ್ಮಿನ ತಳದಲ್ಲಿ ಸೂಜಿಮೊನೆಯಷ್ಟು ತೂತು ಮಾಡಿದರೆ ಮುಂದಿನ ಮಳೆಯೊಳಗೆ ಅದು ತಾನೇ ಖಾಲಿಯಾಗಿರುತ್ತದೆ. ಇನ್ನು ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಪೂರ್ತಿಯಾಗಿ ಹೊರಗೆ ಬಿಡಿ. ಬೇಸಿಗೆಯ ಧೂಳನ್ನು ಡ್ರಮ್ ತಡೆಯಲಾರದು.

ಸೋಸುವ ತೊಟ್ಟಿ. ಅಡಿಯಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಮರಳು. ಪದರಗಳ ನಡುವೆ ಜಾಲರಿ ಹಾಕಿದರೆ ತೊಳೆಯುವಾಗ ಬೆರೆಯುವುದಿಲ್ಲ. ಎಂ-ಸ್ಯಾಂಡ್ ಬಳಸಿದರೆ ನೀರು ತಿಳಿಯಾಗುವ ತನಕ ತೊಳೆದು ಹಾಕಿ, ಇಲ್ಲದಿದ್ದರೆ ಅದರ ಪುಡಿಯೇ ಟ್ಯಾಂಕಿಗೆ ಇಳಿಯುತ್ತದೆ. ಈ ತೊಟ್ಟಿ ಕಸ ತಡೆಯುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಅದು 5ನೇ ಹಂತದ ಕೆಲಸ.

ಟ್ಯಾಂಕ್. ನೆಲದ ಮೇಲೆ ಕಟ್ಟಿಸಿ. ನೆಲದೊಳಗಿನ ಸಂಪಿಗೆ ಬಚ್ಚಲ ನೀರು, ಗುಂಡಿ ನೀರು ಒಸರಬಹುದು. ಕೊಡ ಇಳಿಬಿಟ್ಟು ಸೇದುವಾಗ ಕೈ, ಹಗ್ಗ ಎಲ್ಲ ನೀರಿಗೆ ತಾಗುತ್ತದೆ. ಮಕ್ಕಳಿಗೂ ಅಪಾಯ. ಎರಡು ಮೀಟರ್ ಅಗಲ, 1.6 ಮೀಟರ್ ಎತ್ತರದ ದುಂಡನೆ ಟ್ಯಾಂಕಿಗೆ 5,000 ಲೀಟರ್ ಹಿಡಿಯುತ್ತದೆ. ತುಂಬಿದಾಗ ಅದರ ನೀರೇ ಐದು ಟನ್ ತೂಗುತ್ತದೆ, ಅಡಿಪಾಯ ಗಟ್ಟಿ ಇರಲಿ. ಜಾಗ ಉಳಿಸಲು ಅದನ್ನು ಮಾಳಿಗೆ ಮೇಲೆ ಏರಿಸುವ ಯೋಚನೆ ಬೇಡವೇ ಬೇಡ. ಕಬ್ಬಿಣದ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿ ಮಾಡುವ ಫೆರೋಸಿಮೆಂಟ್ ಟ್ಯಾಂಕ್ ಅಗ್ಗ, ಬಾಳಿಕೆಯೂ ಚೆನ್ನಾಗಿದೆ. ಆದರೆ ಎರಡು ವಾರ ಬಿಡದೆ ನೀರುಣಿಸಬೇಕು. ಒಣಗಿದರೆ ಬಿರುಕು. ಮೊದಲ ಸಲ ತುಂಬಿದ ನೀರಲ್ಲಿ ಸಿಮೆಂಟಿನ ಸುಣ್ಣ ಇರುತ್ತದೆ, ಅದನ್ನು ಬಳಕೆಗೆ ಬಿಟ್ಟು ಎರಡನೇ ಸಲದಿಂದ ಕುಡಿಯಿರಿ.

ನಲ್ಲಿ ತಳದಿಂದ ಅರ್ಧ ಅಡಿ ಮೇಲಿರಲಿ, ಕೆಳಗೆ ಕೂತ ಗಸಿ ಬರುವುದಿಲ್ಲ. ತೊಳೆಯಲು ತಳದಲ್ಲಿ ಬೇರೊಂದು ತೂಬು ಬೇಕು. ಹೆಚ್ಚಾದ ನೀರು ಹೊರಹೋಗುವ ಪೈಪಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ನಮ್ಮ ಮನೆಯಲ್ಲಿ ಮೊದಲ ವರ್ಷ ಇದೊಂದನ್ನು ಮರೆತೆವು. ಕಾರ್ತೀಕದಲ್ಲಿ ಚೊಂಬಿನೊಳಗೆ ಸೊಳ್ಳೆ ಹುಳ ಕುಣಿಯುತ್ತಿದ್ದವು. ತುಂಬಿದ ಟ್ಯಾಂಕನ್ನು ಬಳಕೆಗೆ ಬಿಡಬೇಕಾಯಿತು. ಜಾಲರಿಗೆ ಕೊಟ್ಟದ್ದು ಮೂವತ್ತು ರೂಪಾಯಿ.

ಬೆಳಕೂ ಒಳಗೆ ಹೋಗಬಾರದು. ಬೆಳಕು ಬಿದ್ದರೆ ಪಾಚಿ. ಕತ್ತಲಲ್ಲಿ, ಮುಚ್ಚಿಟ್ಟ ಮಳೆನೀರು ಆರು ತಿಂಗಳಾದರೂ ಕೆಡುವುದಿಲ್ಲ. "ನಿಂತ ನೀರಲ್ಲಿ ಹುಳ ಬೀಳುತ್ತದೆ" ಎಂಬ ಮಾತು ಬೆಳಕು, ಸೊಳ್ಳೆ ಹೋಗುವ ಟ್ಯಾಂಕಿಗೆ ಮಾತ್ರ ನಿಜ.

ಇನ್ನೆರಡು ಅನುಮಾನ. ಮಳೆನೀರು ಕುಡಿದರೆ ಶೀತ ಆಗುವುದಿಲ್ಲ. "ಸತ್ವ ಇಲ್ಲದ ನೀರು" ಎನ್ನುವುದು ಅರ್ಧ ನಿಜ, ಅದರಲ್ಲಿ ಲವಣ ಕಡಿಮೆ. ಆದರೆ ನಮಗೆ ಸುಣ್ಣದ ಅಂಶ ಬರುವುದು ಮುಖ್ಯವಾಗಿ ಊಟದಿಂದ. 100 ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಮಿಗಿಂತ ಜಾಸ್ತಿ ಇದೆ. ಮುದ್ದೆ, ಸೊಪ್ಪು, ಮಜ್ಜಿಗೆ ಬಿಡದೆ ಉಣ್ಣುವವರಿಗೆ ನೀರಿನ ಸಪ್ಪೆ ರುಚಿ ಒಂದು ವಾರದಲ್ಲಿ ಒಗ್ಗುತ್ತದೆ.

ಹಂತ 5: ಕ್ರಿಮಿ ಕೊಲ್ಲುವುದು

ಮಳೆನೀರಾಗಲಿ, ಬಾವಿ ನೀರಾಗಲಿ, ನಲ್ಲಿ ನೀರಾಗಲಿ, ಈ ಹಂತ ಎಲ್ಲರಿಗೂ.

ಸುಲಭವಾದದ್ದು ಕುದಿಸುವುದು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಮುಗಿಸಬೇಡಿ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಿ.

ಸೌದೆ, ಗ್ಯಾಸ್ ಎರಡೂ ಕಷ್ಟ ಎಂದರೆ ಬಿಸಿಲಿದೆ. ತಿಳಿ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿಗೆ ತುಂಬಿ, ತಗಡಿನ ಮೇಲೆ ಮಲಗಿಸಿ. ಒಳ್ಳೆ ಬಿಸಿಲಲ್ಲಿ 6 ಗಂಟೆ, ಮೋಡ ಇದ್ದರೆ ಎರಡು ದಿನ. ನೀರು ಕದಡಿದ್ದರೆ ಇದು ಕೆಲಸ ಮಾಡುವುದಿಲ್ಲ.

ಟ್ಯಾಂಕಿಗೆ ಬ್ಲೀಚಿಂಗ್ ಪುಡಿ. 1,000 ಲೀಟರಿಗೆ ಸುಮಾರು 4 ಗ್ರಾಂ, ಅಂದರೆ ತುಂಬಿದ 5,000 ಲೀಟರಿಗೆ 20 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ. ಒಂದು ಗಂಟೆ ಕಾಯಿರಿ. ನೀರಿಗೆ ಸಣ್ಣಗೆ ವಾಸನೆ ಇರಬೇಕು. ವಾಸನೆಯೇ ಇಲ್ಲದಿದ್ದರೆ ಪುಡಿ ಹಳತಾಗಿರುತ್ತದೆ. ತೆರೆದಿಟ್ಟ ಚೀಲದ ಪುಡಿ ಬೇಗ ಸತ್ತುಹೋಗುತ್ತದೆ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಮೂಗಿನ ಮೇಲೆ ನಂಬಿಕೆ ಇಲ್ಲದಿದ್ದರೆ ನೀರಗಂಟಿಯ ಹತ್ತಿರ ಇರುವ ಕ್ಲೋರೋಸ್ಕೋಪ್ ಕೇಳಿ, ಕ್ಲೋರಿನ್ ಉಳಿದಿದೆಯಾ ಎಂದು ಬಣ್ಣದಿಂದ ತೋರಿಸುವ ಸಣ್ಣ ಪೆಟ್ಟಿಗೆ ಅದು. ಅಂಕಿ 0.2ಕ್ಕಿಂತ ಕಡಿಮೆ ಇರಬಾರದು. ಶೌಚಾಲಯ ತೊಳೆಯುವ ಪರಿಮಳದ ದ್ರಾವಣವನ್ನು ಯಾವ ಕಾರಣಕ್ಕೂ ಕುಡಿಯುವ ನೀರಿಗೆ ಹಾಕಬೇಡಿ.

ಶುದ್ಧ ಮಾಡಿದ ನೀರು ಕೊನೆಗೆ ಕೆಡುವುದು ಅಡುಗೆಮನೆಯಲ್ಲೇ. ಲೋಟ ಹಿಡಿದು ಬಿಂದಿಗೆಗೆ ಕೈ ಅದ್ದುತ್ತೇವಲ್ಲ, ಆಗ. ಉದ್ದ ಹಿಡಿಯ ಸೌಟು ಇಡಿ, ಅಥವಾ ನಲ್ಲಿ ಇರುವ ಡ್ರಮ್ ತನ್ನಿ.

ತೆರೆದ ಬಾವಿ ಇರುವವರಿಗೆ: ಬಾವಿಯಿಂದ ಶೌಚದ ಗುಂಡಿ, ತಿಪ್ಪೆ ಕನಿಷ್ಠ 15 ಮೀಟರ್ ದೂರ ಇರಲಿ. ಸುತ್ತ ಕಟ್ಟೆ, ಚೆಲ್ಲಿದ ನೀರು ಆಚೆ ಹರಿಯಲು ಇಳಿಜಾರು ಬೇಕು. ಬಟ್ಟೆ ಒಗೆಯುವ ಕಲ್ಲನ್ನು ಬಾವಿಯ ಪಕ್ಕದಿಂದ ಎತ್ತಿಸಿ.

ಹಂತ 6: ಪಂಚಾಯಿತಿಯಲ್ಲಿ ಕೇಳಬೇಕಾದದ್ದು

ಊರಿನ ಪ್ರತಿ ಕುಡಿಯುವ ನೀರಿನ ಮೂಲಕ್ಕೂ ವರ್ಷಕ್ಕೆ ಒಂದು ಸಲ ರಾಸಾಯನಿಕ ಪರೀಕ್ಷೆ, ಎರಡು ಸಲ ಕ್ರಿಮಿ ಪರೀಕ್ಷೆ ಆಗಬೇಕು. ಅದರ ಪ್ರತಿ ಕೊಡಿ ಎಂದು ಬಿಳಿ ಹಾಳೆಯಲ್ಲಿ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ. ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಯಾರಿದ್ದಾರೆ ಎಂದೂ ಕೇಳಿ. ಫ್ಲೋರೈಡ್ 1.5 ದಾಟಿದ್ದರೆ ವರದಿ ಹಿಡಿದು ಗ್ರಾಮಸಭೆಯಲ್ಲಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಹೋಗುವ ಬದಲು ನಾಲ್ಕು ಮನೆಯ ಹೆಂಗಸರು ಒಟ್ಟಿಗೆ ಹೋದರೆ ಕೆಲಸ ಬೇಗ ಆಗುತ್ತದೆ.

ವರ್ಷದ ಕೆಲಸ

ಭರಣಿ ಮಳೆಗೆ ಮುಂಚೆ ಟ್ಯಾಂಕ್ ತೊಳೆಯಿರಿ, ಸೋಸುವ ತೊಟ್ಟಿಯ ಮರಳು ತೊಳೆದು ಮತ್ತೆ ಹಾಕಿ, ಮಾಳಿಗೆ ಗುಡಿಸಿ. ಮಳೆಗಾಲದಲ್ಲಿ ಮಾಳಿಗೆ ಮೇಲೆ ಮೆಣಸಿನಕಾಯಿ, ಸೆಗಣಿ ಬೆರಣಿ ಒಣಗಿಸಬೇಡಿ. ಹಸ್ತ, ಚಿತ್ತೆ ಮಳೆಗೆ ಟ್ಯಾಂಕ್ ತುಂಬಿರಬೇಕು. ಸ್ವಾತಿ ಮುಗಿದ ಮೇಲೆ ಒಂದು ಸಲ ಬ್ಲೀಚಿಂಗ್, ಒಂದು ಸಲ ಕ್ರಿಮಿ ಪರೀಕ್ಷೆ.

ಆಮೇಲೆ ತಿಂಗಳಿಗೊಮ್ಮೆ ಸ್ವಚ್ಛ ಕೋಲು ಇಳಿಸಿ ನೀರು ಅಳೆಯಿರಿ. ಮೇಲೆ ಹೇಳಿದ ಅಳತೆಯ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ 31 ಲೀಟರ್. ದಿನಕ್ಕೆ 25 ಲೀಟರ್ ತೆಗೆದರೆ ತಿಂಗಳಿಗೆ 24 ಸೆಂಟಿಮೀಟರ್ ಇಳಿಯಬೇಕು. ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಒಂದೋ ಟ್ಯಾಂಕ್ ಸೋರುತ್ತಿದೆ, ಇಲ್ಲವೇ ಮನೆಯಲ್ಲಿ ಯಾರೋ ಆ ನೀರಲ್ಲಿ ತಲೆಸ್ನಾನ ಮಾಡುತ್ತಿದ್ದಾರೆ. ಕೂದಲು ನುಣುಪಾಗುತ್ತದೆ ಎಂದು ಗೊತ್ತಾದ ಮೇಲೆ ತಡೆಯುವುದು ಕಷ್ಟ. ಬೀಗ ಹಾಕುವ ನಲ್ಲಿ ಅಂಗಡಿಯಲ್ಲಿ ಸಿಗುತ್ತದೆ.